ಒಂದೇ ಬ್ಯಾಟರಿಗೆ ಮೂರು ಚಾರ್ಜರ್: ತೋಟದ ಮನೆಯಲ್ಲಿ ಹೊಂದಿಸೋದು ಹೇಗೆ?

ಮಂಡಕಳ್ಳಿ ವಿಮಾನ ನಿಲ್ದಾಣದ ದೀಪ ಕಣ್ಣಿಗೆ ಕಾಣುವಷ್ಟು ಹತ್ತಿರ ಜಮೀನು ಇದ್ದರೂ, ಕರೆಂಟ್ ಕಂಬ ದೂರ ಇದ್ದರೆ ತೋಟದ ಮನೆಗೆ ಸೋಲಾರೇ ಗತಿ. ಮೊದಲು ಎರಡು ಸಣ್ಣ ಪ್ಯಾನೆಲ್ ಹಾಕಿಸ್ತೀವಿ. ಹಸು ಬಂತು, ಹಾಲು ಕರೆಯುವ ಮಷಿನ್ ಬಂತು, ಆಗ ಇನ್ನೆರಡು ದೊಡ್ಡ ಪ್ಯಾನೆಲ್. ಮಳೆಗಾಲದಲ್ಲಿ ಮೋಡ ಕವಿದರೆ ಇರಲಿ ಅಂತ ಜನರೇಟರ್ ಜೊತೆಗೊಂದು ಚಾರ್ಜರ್. ಹೀಗೆ ಒಂದೇ ಬ್ಯಾಟರಿ ಜೋಡಿಗೆ ಮೂರು ಚಾರ್ಜರ್ ಸೇರಿಕೊಳ್ಳುತ್ತವೆ. ಸರಿಯಾಗಿ ಹೊಂದಿಸದಿದ್ದರೆ ನಾಲ್ಕೈದು ವರ್ಷ ಬಾಳಬೇಕಾದ ಟ್ಯೂಬುಲರ್ ಬ್ಯಾಟರಿ ಎರಡೇ ವರ್ಷಕ್ಕೆ ಕೈ ಕೊಡಬಹುದು.

ಮೂರನ್ನೂ ಒಂದೇ ಬ್ಯಾಟರಿಗೆ ಕೊಡಬಹುದಾ ಅಂದರೆ, ಧಾರಾಳವಾಗಿ ಕೊಡಬಹುದು. ಆದರೆ ಮೂರೂ ಸೇರಿ ಎಷ್ಟು ಆಂಪ್ ತಳ್ಳುತ್ತವೆ ಅನ್ನೋ ಲೆಕ್ಕ ಮೊದಲು ಹಾಕಿ. 150 ಎಎಚ್‌ನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ 24 ವೋಲ್ಟ್ ಅಂತ ಇಟ್ಟುಕೊಳ್ಳಿ. ಟ್ಯೂಬುಲರ್ ಬ್ಯಾಟರಿಗೆ ಅದರ ಎಎಚ್‌ನ ಶೇ 10ರಷ್ಟು, ಅಂದರೆ 15 ಆಂಪ್ ಆರಾಮ. ಶೇ 20, ಅಂದರೆ 30 ಆಂಪ್ ಮೇಲಿನ ಮಿತಿ ಅಂತ ತಿಳಿಯಿರಿ. ಕಂಪನಿ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಈಗ ಹಳೇ ಸಣ್ಣ ಪ್ಯಾನೆಲ್‌ಗಳಿಂದ 8, ಹೊಸ ಎರಡು 330 ವಾಟ್ ಪ್ಯಾನೆಲ್‌ಗಳಿಂದ 20, ಜನರೇಟರ್ ಚಾರ್ಜರ್‌ನಿಂದ 20 ಆಂಪ್ ಬಂದರೆ ಒಟ್ಟು 48. ಸೋಲಾರ್ ಎರಡೂ ಒಟ್ಟಿಗೆ ಓಡಲಿ, ತೊಂದರೆ ಇಲ್ಲ. ಮಟಮಟ ಮಧ್ಯಾಹ್ನ ಜನರೇಟರನ್ನೂ ಸೇರಿಸಿದರೆ ಬ್ಯಾಟರಿ ಬಿಸಿಯಾಗಿ ನೀರು ಕುದಿಯೋಕೆ ಶುರುವಾಗುತ್ತೆ.

ಜನರೇಟರ್ ಹಚ್ಚಬೇಕಾದರೆ ಬೆಳಗ್ಗೆಯೇ ಹಚ್ಚಿ. ರಾತ್ರಿಯೆಲ್ಲ ಖರ್ಚಾಗಿ ಹಸಿದಿರುವ ಬ್ಯಾಟರಿ ಆಗ ಕೊಟ್ಟಷ್ಟನ್ನೂ ತಗೊಳ್ಳುತ್ತೆ. ಬ್ಯಾಟರಿ ಚಾರ್ಜಿಂಗ್ ಅನ್ನೋದು ಮುದ್ದೆ ಮಾಡಿದ ಹಾಗೆ: ಎಸರು ಕುದಿಯೋ ತನಕ ಉರಿ ಜೋರು, ಹಿಟ್ಟು ಬೇಯೋವಾಗ ಉರಿ ಸಣ್ಣ. ಕೊನೆಯ ಶೇ 20 ತುಂಬೋದು ಬಹಳ ನಿಧಾನ. ಅದಕ್ಕೆ ಪೆಟ್ರೋಲ್ ಸುಡೋದು ದಂಡ, ಆ ಕೆಲಸ ಬಿಸಿಲಿಗೆ ಬಿಡಿ. ಇನ್ನೊಂದು ಲೆಕ್ಕ: 24 ವೋಲ್ಟಿನ 30 ಆಂಪ್ ಚಾರ್ಜರ್ ಪೂರ್ತಿ ಎಳೆದರೆ ಹತ್ತಿರ ಹತ್ತಿರ 1,000 ವಾಟ್ ಆಗುತ್ತೆ. 1 ಕೆವಿಎ ಜನರೇಟರ್ ಅದನ್ನ ಹೊರಲಾರದು. ಅದಕ್ಕೇ 20 ಆಂಪ್ ಸಾಕು.

ವೈರಿಂಗ್‌ನಲ್ಲಿ ಹೆಚ್ಚಾಗಿ ಕಾಣೋ ತಪ್ಪು, ಒಂದು ಚಾರ್ಜರ್‌ನ ಟರ್ಮಿನಲ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಬ್ಯಾಟರಿಗೆ ಅಂತ ಸರಪಳಿ ಹಾಕೋದು. ಹಾಗೆ ಮಾಡಬೇಡಿ. ಬ್ಯಾಟರಿಯಿಂದ ದಪ್ಪ ವೈರ್ ತಂದು ಎರಡು ತಾಮ್ರದ ಪಟ್ಟಿಗೆ ಕೊಡಿ, ಒಂದು ಪ್ಲಸ್, ಒಂದು ಮೈನಸ್. ಪ್ರತಿ ಚಾರ್ಜರ್‌ನ ವೈರೂ ಬೇರೆ ಬೇರೆಯಾಗಿ ಆ ಪಟ್ಟಿಗೇ ಬರಲಿ, ಪಟ್ಟಿಯ ಹತ್ತಿರವೇ ಪ್ರತಿಯೊಂದಕ್ಕೂ ಒಂದು ಫ್ಯೂಸ್ ಇರಲಿ. 20 ಆಂಪ್ ಚಾರ್ಜರ್‌ಗೆ 30 ಆಂಪ್ ಫ್ಯೂಸ್, ಆ 30 ಆಂಪ್ ತಡೆಯುವ ವೈರ್. ಬ್ಯಾಟರಿಯ ಪ್ಲಸ್‌ನಿಂದ ಪಟ್ಟಿಗೆ ಬರೋ ದಪ್ಪ ವೈರಿಗೂ ದೊಡ್ಡ ಫ್ಯೂಸ್ ಬೇಕು. ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪ್ ಉಗುಳುತ್ತೆ. ಹುಲ್ಲಿನ ಮೆದೆ ಪಕ್ಕದ ಶೆಡ್ಡಿನಲ್ಲಿ ಅದು ಆಟದ ಮಾತಲ್ಲ. ಮನೆಯ ಎಸಿ ಎಂಸಿಬಿಯನ್ನ ಇಲ್ಲಿ ಹಾಕಬೇಡಿ, ಡಿಸಿ ಕಿಡಿ ಅದರಲ್ಲಿ ಆರದೆ ಇರಬಹುದು. ಡಿಸಿ ಎಂಸಿಬಿ ಅಂತಲೇ ಕೇಳಿ ತಗೊಳ್ಳಿ.

ವೈರ್ ಸಣ್ಣದಾದರೆ ಚಾರ್ಜರ್ ಮೋಸ ಹೋಗುತ್ತೆ. 4 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ದೂರ ಹೋಗಿ ಬಂದರೆ, 20 ಆಂಪ್‌ಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತೆ. ಚಾರ್ಜರ್‌ಗೆ 28.8 ಕಾಣುತ್ತೆ, ಬ್ಯಾಟರಿಗೆ ಸಿಗೋದು 28ಕ್ಕಿಂತ ಕಮ್ಮಿ. ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡು ಚಾರ್ಜರ್ ಬೇಗನೇ ಕೈ ಹಿಡಿತ ಮಾಡುತ್ತೆ. ಅದೇ ಕಂಟ್ರೋಲರನ್ನ ಬ್ಯಾಟರಿಯಿಂದ ಒಂದು ಮೀಟರ್ ದೂರದಲ್ಲಿಟ್ಟು 10 ಚದರ ಮಿ.ಮೀ. ವೈರ್ ಎಳೆದರೆ ನಷ್ಟ 0.1 ವೋಲ್ಟನ್ನೂ ದಾಟಲ್ಲ. ಪ್ಯಾನೆಲ್ ಕಡೆ ವೈರ್ ಉದ್ದ ಇದ್ದರೆ ಅಷ್ಟು ಚಿಂತೆ ಬೇಡ. ಬ್ಯಾಟರಿಯ ನೆತ್ತಿ ಮೇಲೆ ಮಾತ್ರ ಕಂಟ್ರೋಲರ್ ಬೇಡ, ಆಸಿಡ್ ಆವಿ ತಿಂದುಹಾಕುತ್ತೆ. ಚಾರ್ಜ್ ಆಗೋವಾಗ ಹೈಡ್ರೋಜನ್ ಬರೋದರಿಂದ ಅಲ್ಲಿ ಗಾಳಿ ಆಡಬೇಕು.

ಇನ್ನು ಸೆಟ್ಟಿಂಗ್. ಎರಡೂ ಸೋಲಾರ್ ಕಂಟ್ರೋಲರ್‌ಗಳಲ್ಲಿ ಬ್ಯಾಟರಿ ಬಗೆ ಒಂದೇ ಇರಲಿ: ತುಂಬುವಾಗ 28.8 ವೋಲ್ಟ್, ತುಂಬಿದ ಮೇಲೆ 27.2ರ ಆಸುಪಾಸು. ಜನರೇಟರ್ ಚಾರ್ಜರನ್ನ ಸ್ವಲ್ಪ ಕೆಳಗೆ, 28 ವೋಲ್ಟಿಗೆ ಇಡಿ. ಆಗ ಬಿಸಿಲು ಏರುತ್ತಿದ್ದಂತೆ ಅದು ತಾನಾಗೇ ಹಿಂದೆ ಸರಿಯುತ್ತೆ. ಒಂದು ಚಾರ್ಜರ್ ದುಡಿಯುವಾಗ ಇನ್ನೊಂದು ಸುಮ್ಮನಿದ್ದರೆ ಕೆಟ್ಟಿದೆ ಅಂತ ಬಿಚ್ಚೋಕೆ ಹೋಗಬೇಡಿ. ಮೊದಲನೆಯದು ಏರಿಸಿದ ವೋಲ್ಟೇಜನ್ನೇ ನೋಡಿ ಎರಡನೆಯದು ಬ್ಯಾಟರಿ ತುಂಬಿದೆ ಅಂತ ತಿಳಿಯುತ್ತೆ. ಬ್ಯಾಟರಿ ಖಾಲಿ ಇರುವ ಬೆಳಗ್ಗೆ ಎರಡೂ ದುಡಿದರೆ ಎಲ್ಲ ಸರಿ ಇದೆ ಅಂತಲೇ ಅರ್ಥ. ಡಿಸ್‌ಪ್ಲೇ ನಂಬದೆ ಒಂದೇ ಮಲ್ಟಿಮೀಟರ್‌ನಿಂದ ಬ್ಯಾಟರಿ ಟರ್ಮಿನಲ್‌ನಲ್ಲೇ ಅಳೆಯಿರಿ. ಒಂದು ಪ್ಯಾನೆಲನ್ನ ಎರಡು ಕಂಟ್ರೋಲರ್‌ಗೆ ಹಂಚೋದಂತೂ ಕೂಡದು.

ಜನರೇಟರ್ ತಾನಾಗೇ ಶುರುವಾಗೋ ರಿಲೇ ಹಾಕಿಸಿದರೆ, 24.2 ವೋಲ್ಟಿಗೆ ಇಳಿದ ತಕ್ಷಣ ಅಲ್ಲ, ಐದು ನಿಮಿಷ ಹಾಗೇ ಇದ್ದರೆ ಮಾತ್ರ ಶುರುವಾಗೋ ಹಾಗೆ ಇಡಿ. ಮಿಕ್ಸಿ ತಿರುಗಿಸಿದಾಗಲೂ ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತೆ. ಟ್ರ್ಯಾಕ್ಟರ್‌ಗೆ ಬಳಸೋ 12 ವೋಲ್ಟ್ ಚಾರ್ಜರನ್ನ ಜೋಡಿಯಲ್ಲಿ ಒಂದೇ ಬ್ಯಾಟರಿಗೆ ಸಿಕ್ಕಿಸೋ ಅಭ್ಯಾಸ ಬಿಡಿ. ಒಂದು ಉಕ್ಕಿ, ಇನ್ನೊಂದು ಬತ್ತಿ, ಎರಡೂ ಹಾಳಾಗ್ತವೆ. ಮುಂದೆ ಸೆಸ್ಕ್ ಲೈನ್ ಬಂದರೆ ಜನರೇಟರ್ ಮತ್ತು ಲೈನ್ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ.

ಕೆಲಸ ಮುಗಿದ ಮೇಲೆ ಸೋಲಾರ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ.