ಅಪ್ಪನ ಕುಲುಮೆ, ಮಗನ ಚಾಕು

ರಜೆಗೆ ಊರಿಗೆ ಹೋದಾಗ ಕಮ್ಮಾರನ ಕುಲುಮೆಯ ಮುಂದೆ ಒಮ್ಮೆಯಾದರೂ ನಿಂತಿದ್ದೀರಾ? ಕೆಂಪಗೆ ಕಾದ ಕಬ್ಬಿಣ ಸುತ್ತಿಗೆಯ ಏಟಿಗೆ ಕುಡುಗೋಲಾಗುವುದನ್ನು ಕಂಡಿದ್ದೀರಾ? ಅಂಥದೇ ಒಂದು ಕುಲುಮೆಯಲ್ಲಿ ಹುಟ್ಟಿದ, ಮರದ ಹಿಡಿಯ ಮಡಚುವ ಚಾಕುವಿನ ಕಥೆ ಇದು.

ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಸವೋಯ್ ಪ್ರಾಂತದಲ್ಲಿ ಒಪಿನೆಲ್ ಎಂಬ ಮನೆತನ. ತಂದೆ ಮಾಡುತ್ತಿದ್ದ ಕೊಡಲಿ, ಮಚ್ಚುಗಳಿಗೆ ಸುತ್ತಲ ಸೀಮೆಯಲ್ಲಿ ಒಳ್ಳೆಯ ಹೆಸರಿತ್ತು. ಮಗ ಜೋಸೆಫನಿಗೆ ಯಂತ್ರಗಳ ಹುಚ್ಚು. 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರೈತರ ಜೇಬಿಗೆ ಒಪ್ಪುವ ಸರಳ ಚಾಕುವೊಂದನ್ನು ಅವನು ರೂಪಿಸಿದ. ಅಲಗು, ಹಿಡಿ, ಹಿಡಿಯ ತುದಿಗೊಂದು ಲೋಹದ ಪಟ್ಟಿ, ಒಂದು ರಿವೆಟ್ – ಇಷ್ಟೇ. ಮಗ ಕೊಡಲಿ ಬಿಟ್ಟು ಚಾಕು ಹಿಡಿದದ್ದು ತಂದೆಗೆ ಹಿಡಿಸಲಿಲ್ಲ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗಿನ ಅಳತೆಗಳಲ್ಲಿ ಚಾಕು ಸಿದ್ಧವಾಯಿತು. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಸೇರಿದ್ದು 1955ರಲ್ಲಿ.

ಇಂಥದನ್ನು ಕೈಯಾರೆ ಮಾಡುವುದು ಹೇಗೆ? ಇಂಗಾಲ ಹೆಚ್ಚಿರುವ ಉಕ್ಕಿನ ಪಟ್ಟಿಯನ್ನು ಗರಗಸದಿಂದ ಕತ್ತರಿಸಿ, ಅರದಿಂದ ಉಜ್ಜಿ ಅಲಗಿನ ಆಕಾರ ತರಬೇಕು. ರಿವೆಟ್‌ನ ತೂತನ್ನು ಆಗಲೇ ಕೊರೆಯಬೇಕು. ಉಕ್ಕು ಗಡಸಾದ ಮೇಲೆ ಡ್ರಿಲ್ ಇಳಿಯದು. ನಂತರ ಬೆಂಕಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಬಳಿಯಲ್ಲಿ ಅನುಭವಿಗಳೊಬ್ಬರು ಇರಲೇಬೇಕು; ಎಣ್ಣೆ ಹೊತ್ತಿಕೊಳ್ಳುವುದುಂಟು.

ಈಗ ಅಲಗು ಗಡಸು, ಆದರೆ ಗಾಜಿನಷ್ಟೇ ಪೆಡಸು. ಅವಸರದಲ್ಲಿ ನಾನು ಇಲ್ಲಿಗೇ ನಿಲ್ಲಿಸಿದ್ದೆ. ಕೈಜಾರಿ ನೆಲಕ್ಕೆ ಬಿದ್ದ ನನ್ನ ಮೊದಲ ಅಲಗು ಎರಡು ತುಂಡಾಯಿತು. ಅದನ್ನು ಮತ್ತೆ ಸುಮಾರು 200 ಡಿಗ್ರಿಯ ಒಲೆಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಕಾಯಿಸಬೇಕಿತ್ತು. ಉಜ್ಜಿ ಹೊಳಪಿಸಿದ ಮೈಗೆ ಒಣಹುಲ್ಲಿನ ಬಣ್ಣ ಬಂದರೆ ಸರಿ. ಗಡಸು ಒಂದಿಷ್ಟು ಇಳಿಯುತ್ತದೆ, ತಾಳಿಕೆ ಬರುತ್ತದೆ. ಕನ್ನಡದಲ್ಲಿ ಇದಕ್ಕೆ 'ಹದ' ಎನ್ನುತ್ತೇವೆ. ಅಮ್ಮ ಬೆಲ್ಲದ ಪಾಕಕ್ಕೆ, ರೈತ ಬಿತ್ತನೆಯ ಮಣ್ಣಿಗೆ ಹೇಳುವುದೂ ಇದೇ ಮಾತನ್ನೇ.

ಹಿಡಿಗೆ ಒಪಿನೆಲ್ ಚಾಕುವಿನಲ್ಲಿ ಬೀಚ್ ಮರ. ನಮಗೆ ಸಾಗುವಾನಿಯೋ ಬೀಟೆಯೋ ಆದೀತು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುತ್ತ ಬಾಗಿದರೆ ಅಲಗು ಸಿಕ್ಕಿಕೊಳ್ಳುತ್ತದೆ. ಸೀಳು ಅಲಗಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಅಗಲ, ಮಡಚಿದಾಗ ಬಾಯಿ ತಳಕ್ಕೆ ತಾಗದಷ್ಟು ಆಳ ಇರಲಿ. ಕೊನೆಗೆ ರಿವೆಟ್. ಒಂದು ಏಟು ಹೆಚ್ಚಾದರೆ ಅಲಗು ಅಲುಗದು, ಒಂದು ಏಟು ಕಡಿಮೆಯಾದರೆ ಜೋತಾಡುತ್ತದೆ. ಅಲ್ಲಿಯೂ ಹದವೇ!

ಊರಿನ ಎಷ್ಟೋ ಕುಲುಮೆಗಳು ಈಗ ತಣ್ಣಗಾಗಿವೆ. ಕಮ್ಮಾರರ ಮಕ್ಕಳೂ ನಮ್ಮಂತೆಯೇ ನಗರ ಸೇರಿದ್ದಾರೆ. ಮುಂದಿನ ರಜೆಯಲ್ಲಿ ಉರಿಯುತ್ತಿರುವ ಕುಲುಮೆಯೊಂದು ಕಂಡರೆ ಅರ್ಧ ದಿನ ಅಲ್ಲಿ ಕುಳಿತುಕೊಳ್ಳಿ. ಬಣ್ಣ ನೋಡಿ ಹದ ತಿಳಿಯುವುದು ಹೇಗೆಂದು ಆ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಜೋಸೆಫ್ ತಂದೆಯ ಕೊಡಲಿಯನ್ನೇ ಮತ್ತೆ ಮಾಡುತ್ತ ಕೂರಲಿಲ್ಲ; ಆದರೆ ತಂದೆಯ ಕುಲುಮೆಯ ಹದವನ್ನು ಬಿಡಲಿಲ್ಲ.