ಒಂದು ಹನಿಯಲ್ಲಿ 780 ಕೋಟಿ

ನಡುರಾತ್ರಿ ಎರಡು ಗಂಟೆ. ಕತ್ತಲ ಕೋಣೆಯಲ್ಲಿ ಮಲಗಿರುವ ಆರೋಗ್ಯವಂತರೊಬ್ಬರ ಒಂದೇ ಒಂದು ಹನಿ ರಕ್ತದಲ್ಲಿ ಮೆಲಟೋನಿನ್ ಎಂಬ ಹಾರ್ಮೋನಿನ ಸುಮಾರು 780 ಕೋಟಿ ಅಣುಗಳಿರುತ್ತವೆ. ಭೂಮಿಯ ಮೇಲಿರುವ ಜನರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಇಷ್ಟೂ ಅಣುಗಳ ತೂಕ ಎಷ್ಟು? ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅದರಲ್ಲಿ ಮೂರು ಪಾಲು!

ಈ ಹಾರ್ಮೋನನ್ನು ತಯಾರಿಸುವ ಪೀನಿಯಲ್ ಗ್ರಂಥಿ ಮೆದುಳಿನ ನಟ್ಟನಡುವೆ ಅಕ್ಕಿ ಕಾಳಿನಷ್ಟಿದೆ. ಒಂದು ರಾತ್ರಿಗೆ ಅದು ಸ್ರವಿಸುವುದು ಸುಮಾರು 30 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ, ಎಂಬತ್ತು ವರ್ಷ ಬದುಕಿದವರ ದೇಹ ಇಡೀ ಆಯಸ್ಸಿನಲ್ಲಿ ತಯಾರಿಸುವ ಮೆಲಟೋನಿನ್ ಒಂದು ಗ್ರಾಂ ಆಸುಪಾಸು.

ಇಷ್ಟು ಅಲ್ಪವಾದದ್ದನ್ನು ಹಿಡಿಯುವುದೇ ಸಾಹಸವಾಗಿತ್ತು. ಯೇಲ್ ವಿಶ್ವವಿದ್ಯಾಲಯದ ಚರ್ಮತಜ್ಞ ಏರನ್ ಲರ್ನರ್, ಚರ್ಮದ ಬಣ್ಣ ಬದಲಿಸುವ ವಸ್ತುವನ್ನು ಹುಡುಕುತ್ತ ದನಗಳ ಸುಮಾರು ಎರಡೂವರೆ ಲಕ್ಷ ಪೀನಿಯಲ್ ಗ್ರಂಥಿಗಳನ್ನು ಅರೆದು ಸೋಸಿದರು. 1958ರಲ್ಲಿ ಕೈಗೆ ಸಿಕ್ಕಿದ್ದು ಮೆಲಟೋನಿನ್.

ಕತ್ತಲಾಯಿತೆಂಬ ಸುದ್ದಿ ಈ ಗ್ರಂಥಿಯನ್ನು ಮುಟ್ಟುವ ದಾರಿಯೂ ಸೋಜಿಗದ್ದೇ. ಕಣ್ಣಿನಿಂದ ಹೊರಟ ಸಂಕೇತ ಮೆದುಳಿನ ಗಡಿಯಾರವನ್ನು, ಅಂದರೆ ಸುಮಾರು 20,000 ನರಕೋಶಗಳ ಒಂದು ಗುಂಪನ್ನು ತಲುಪುತ್ತದೆ. ಅಲ್ಲಿಂದ ಬೆನ್ನುಹುರಿಗೆ ಇಳಿದು, ಕತ್ತಿನ ನರಗ್ರಂಥಿಯ ಮೂಲಕ ಮತ್ತೆ ತಲೆಗೆ ಏರುತ್ತದೆ. ಆಮೇಲೆ ರಕ್ತದಲ್ಲಿ ಮೆಲಟೋನಿನ್ ಹಗಲಿನ ಮಟ್ಟಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗುತ್ತದೆ.

ಹೃದಯಕ್ಕೂ ಮೆಲಟೋನಿನ್‌ಗೂ ಏನು ನಂಟು? ಆರೋಗ್ಯವಂತರ ರಕ್ತದೊತ್ತಡ ರಾತ್ರಿ ಹೊತ್ತು ಶೇ 10ರಿಂದ 20ರಷ್ಟು ಇಳಿಯುತ್ತದೆ. ಹಾಗೆ ಇಳಿಯದವರಿಗೆ ಹೃದಯದ ತೊಂದರೆಗಳ ಅಪಾಯ ಹೆಚ್ಚು. ಹೃದಯದ ರಕ್ತನಾಳಗಳ ಗೋಡೆಯಲ್ಲಿ ಮೆಲಟೋನಿನ್ನನ್ನು ಗುರುತಿಸುವ ಗ್ರಾಹಕಗಳಿವೆ. ಪರಿಧಮನಿ ಕಾಯಿಲೆ ಇದ್ದವರಲ್ಲಿ ರಾತ್ರಿಯ ಮೆಲಟೋನಿನ್ ತೀರಾ ಕಡಿಮೆ ಇರುವುದನ್ನು 1995ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 2004ರಲ್ಲಿ, ಅಧಿಕ ರಕ್ತದೊತ್ತಡವಿದ್ದ 16 ಗಂಡಸರಿಗೆ ಮೂರು ವಾರ ಪ್ರತಿ ರಾತ್ರಿ 2.5 ಮಿಲಿಗ್ರಾಂ ಕೊಟ್ಟು ನೋಡಿದರು. ನಿದ್ದೆಯ ಹೊತ್ತಿನ ರಕ್ತದೊತ್ತಡದಲ್ಲಿ ಮೇಲಿನ ಅಂಕಿ 6, ಕೆಳಗಿನ ಅಂಕಿ 4 ಇಳಿದಿತ್ತು. ಒಂದೇ ರಾತ್ರಿ ಕೊಟ್ಟಾಗ ಮಾತ್ರ ಏನೂ ಆಗಲಿಲ್ಲ.

ಹಾಗಾದರೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಲಾಭವೇ? ಹಾಗೇನಿಲ್ಲ. ತೀವ್ರ ಹೃದಯಾಘಾತವಾದ 146 ಮಂದಿಯ ಮೇಲೆ ಸ್ಪೇನ್‌ನಲ್ಲಿ ನಡೆದ ‘ಮರಿಯಾ’ ಪ್ರಯೋಗದಲ್ಲಿ ರಕ್ತನಾಳಕ್ಕೇ ಮೆಲಟೋನಿನ್ ಕೊಟ್ಟರೂ ಹೃದಯದ ಹಾನಿ ಒಟ್ಟಾರೆ ತಗ್ಗಲಿಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ಹೃದಯ ಸಂಘದ ಸಮ್ಮೇಳನದ ಮುಂದೆ ಬಂದ ವಿಶ್ಲೇಷಣೆ ಇನ್ನೂ ಎಚ್ಚರಿಸುವಂಥದ್ದು. ನಿದ್ರಾಹೀನತೆಯ 1,30,828 ಮಂದಿಯ ದಾಖಲೆ ನೋಡಿದಾಗ, ವರ್ಷಕ್ಕೂ ಮೀರಿ ಮೆಲಟೋನಿನ್ ಮಾತ್ರೆ ನುಂಗಿದವರಲ್ಲಿ ಶೇ 4.6ರಷ್ಟು ಮಂದಿಗೆ ಐದು ವರ್ಷಗಳಲ್ಲಿ ಹೃದಯ ವೈಫಲ್ಯ ಬಂದಿತ್ತು. ಮಾತ್ರೆ ದಾಖಲಾಗದವರಲ್ಲಿ ಅದು ಶೇ 2.7. ತಪ್ಪು ಮಾತ್ರೆಯದೇ ಎಂದು ಇದರಿಂದ ಸಾಬೀತಾಗುವುದಿಲ್ಲ. ನಿದ್ದೆ ತೀರಾ ಕೆಟ್ಟವರೇ ಹೆಚ್ಚು ಮಾತ್ರೆ ತೆಗೆದುಕೊಂಡಿರಬಹುದು. ಆದರೆ ‘ನಿರಪಾಯಕಾರಿ’ ಎಂದು ವರ್ಷಗಟ್ಟಲೆ ನುಂಗುವ ಧೈರ್ಯಕ್ಕೂ ಆಧಾರವಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ 3 ಮಿಲಿಗ್ರಾಂ ಮಾತ್ರೆಯಲ್ಲಿ ದೇಹದ ಒಂದು ರಾತ್ರಿಯ ಉತ್ಪಾದನೆಯ ನೂರು ಪಟ್ಟು ಇದೆ. ಬಿಪಿ ಮಾತ್ರೆ ಬಿಟ್ಟು ಇದನ್ನು ಹಿಡಿಯುವುದಂತೂ ಖಂಡಿತ ಸಲ್ಲದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನಮ್ಮದೇ ಮೆಲಟೋನಿನ್ನನ್ನು ಕಸಿಯಲು ಎಷ್ಟು ಬೆಳಕು ಸಾಕು? ಬೆಳಕನ್ನು ಅಳೆಯುವ ಮಾನ ಲಕ್ಸ್. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. 2019ರ ಒಂದು ಅಧ್ಯಯನದ ಪ್ರಕಾರ ಸಂಜೆಯ ಬೆಳಕು ಸರಾಸರಿ 25 ಲಕ್ಸ್ ಇದ್ದರೂ ಮೆಲಟೋನಿನ್ ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯ ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಅದಕ್ಕಿಂತ ಹೆಚ್ಚೇ ಬೆಳಕಿರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಈ ಸೂಕ್ಷ್ಮತೆಯಲ್ಲಿ 50 ಪಟ್ಟು ವ್ಯತ್ಯಾಸ ಕಂಡಿತ್ತು. ಒಬ್ಬರಿಗೆ ಏನೂ ಮಾಡದ ದೀಪ ಪಕ್ಕದವರ ರಾತ್ರಿಯನ್ನೇ ಅಳಿಸಿಹಾಕಬಲ್ಲದು.

ದೀಪ ಆರಿಸುವ ಸ್ವಾತಂತ್ರ್ಯವೇ ಇಲ್ಲದವರೂ ಇದ್ದಾರೆ. ಆಸ್ಪತ್ರೆಯ ವಾರ್ಡಿನ ನರ್ಸ್, ಕಾರ್ಖಾನೆಯ ಮೂರನೇ ಪಾಳಿಯವರು, ಕಾಲ್‌ಸೆಂಟರ್ ಹುಡುಗ ಹುಡುಗಿಯರು. 20 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ 34 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ನೋಡಿದಾಗ, ಪಾಳಿಯಲ್ಲಿ ದುಡಿಯುವವರಿಗೆ ಹೃದಯಾಘಾತದ ಅಪಾಯ ಶೇ 23ರಷ್ಟು ಹೆಚ್ಚಿತ್ತು. ನಿದ್ದೆ, ಊಟ, ಒತ್ತಡ ಎಲ್ಲವೂ ಇದರಲ್ಲಿ ಸೇರಿವೆ, ಮೆಲಟೋನಿನ್ ಒಂದೇ ಅಲ್ಲ. ಆದರೂ ರಾತ್ರಿ ದುಡಿಸಿಕೊಳ್ಳುವವರು ಸಂಬಳದ ಜೊತೆಗೆ ಅವರ ಬಿಪಿ, ಸಕ್ಕರೆ, ಹೃದಯದ ತಪಾಸಣೆಯ ಹೊಣೆಯನ್ನೂ ಹೊರಬೇಕು. ಮನೆಯಲ್ಲೇ ಮಲಗುವ ಭಾಗ್ಯ ಇರುವವರು ಮಲಗುವ ಒಂದೆರಡು ಗಂಟೆ ಮೊದಲೇ ದೀಪ ತಗ್ಗಿಸಲಿ, ಮೊಬೈಲ್ ಬದಿಗಿಡಲಿ. ಆ 30 ಮೈಕ್ರೋಗ್ರಾಂ ತಯಾರಿಸಲು ದೇಹ ಕೇಳುವುದು ಕತ್ತಲನ್ನು ಮಾತ್ರ.