ಮುಟ್ಟು ನಿಂತ ಮೇಲೆ ಹೃದಯದ ರಕ್ತನಾಳ

ಹೃದಯದ ರಕ್ತನಾಳಗಳ ಬೇನೆಯು ಸ್ತ್ರೀಯರನ್ನು ಪುರುಷರಿಗಿಂತ ಸುಮಾರು 7ರಿಂದ 10 ವರ್ಷ ತಡವಾಗಿ ಹಿಡಿಯುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದಿರುವ ಸಂಗತಿ. ಮುಟ್ಟು ನಡೆಯುತ್ತಿರುವಷ್ಟು ಕಾಲ ಅಂಡಾಶಯಗಳು ಸ್ರವಿಸುವ ಎಸ್ಟ್ರೋಜೆನ್ ಎಂಬ ಹಾರ್ಮೋನೇ ಈ ವಿನಾಯಿತಿಗೆ ಕಾರಣವಾಗಿದ್ದು, ಅದು ಬತ್ತಿದೊಡನೆ ವಿನಾಯಿತಿಯೂ ತೀರುವುದಾದರೆ, ಬತ್ತಿದ್ದನ್ನು ಮಾತ್ರೆಯ ರೂಪದಲ್ಲಿ ಮರಳಿ ಕೊಟ್ಟರೆ ಹೃದಯವೂ ಉಳಿದೀತಲ್ಲವೆ ಎಂಬ ತರ್ಕವು ಎಷ್ಟು ಮನೋಹರವಾಗಿತ್ತೆಂದರೆ, ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದು 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಎಸ್ಟ್ರೋಜೆನ್ ಮಾತ್ರೆಯನ್ನು, ಮೊದಲು ಮೈಯುರಿಗೆಂದು ಕೊಡುತ್ತಿದ್ದವರು ಕಾಲಕ್ರಮದಲ್ಲಿ ಹೃದಯರಕ್ಷಣೆಗೆಂದೂ ಬರೆದುಕೊಡತೊಡಗಿದರು.

ತರ್ಕವು ನಿರಾಧಾರವಾಗಿರಲಿಲ್ಲ. ಹೃದಯದ ಸ್ನಾಯುವಿಗೆ ನೆತ್ತರನ್ನೊಯ್ಯುವ ಧಮನಿಯ ಅಗಲ ಮೂರು ನಾಲ್ಕು ಮಿಲಿಮೀಟರು ಮಾತ್ರ. ಅದರ ಒಳಮೈಯನ್ನು ಒಂದೇ ಸಾಲು ಜೀವಕೋಶಗಳ ಪದರವೊಂದು ಆವರಿಸಿದೆ. ಎಸ್ಟ್ರೋಜೆನ್ ಈ ಕೋಶಗಳಲ್ಲಿರುವ ಗ್ರಾಹಕಗಳನ್ನು ಸೇರಿತೆಂದರೆ ಅವು ನೈಟ್ರಿಕ್ ಆಕ್ಸೈಡನ್ನು ಹೆಚ್ಚಾಗಿ ಬಿಡುತ್ತವೆ; ಅದರಿಂದ ನಾಳದ ಸ್ನಾಯು ಸಡಿಲಗೊಂಡು ರಕ್ತದ ದಾರಿ ಹಿಗ್ಗುತ್ತದೆ. ಕೆಟ್ಟದ್ದೆನ್ನಿಸಿಕೊಂಡ ಎಲ್‌ಡಿಎಲ್ ಕೊಲೆಸ್ಟ್ರಾಲು ಇಳಿಯುವುದೂ ಈ ಹಾರ್ಮೋನಿನ ಉಪಕಾರವೇ.

ಆದರೆ ಪ್ರಯೋಗವು ತರ್ಕದ ಮಾತು ಕೇಳಲಿಲ್ಲ. ಆಗಲೇ ಹೃದ್ರೋಗವಿದ್ದ 2763 ಮಹಿಳೆಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ‘ಹರ್ಸ್’ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ; ಮೊದಲನೆಯ ವರ್ಷದಲ್ಲಂತೂ ಹೃದಯಾಘಾತಗಳು ಹೆಚ್ಚೇ ಆದವು. 2002ರ ಜುಲೈಯಲ್ಲಿ, 16,608 ಮಹಿಳೆಯರನ್ನೊಳಗೊಂಡ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪ್ರಯೋಗದ ಒಂದು ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಎಸ್ಟ್ರೋಜೆನ್ನಿನೊಡನೆ ಪ್ರೊಜೆಸ್ಟಿನ್ ಎಂಬ ಮತ್ತೊಂದು ಹಾರ್ಮೋನನ್ನು ಸೇರಿಸಿ ಕೊಟ್ಟಲ್ಲಿ, ಹತ್ತು ಸಾವಿರ ಮಂದಿಗೆ ವರ್ಷಕ್ಕೆ ಏಳು ಹೃದ್ರೋಗದ ಪ್ರಸಂಗಗಳೂ ಎಂಟು ಪಾರ್ಶ್ವವಾಯುಗಳೂ ಎಂಟು ಸ್ತನ ಕ್ಯಾನ್ಸರುಗಳೂ ಅಧಿಕವಾಗಿದ್ದವು. ಸಂಖ್ಯೆ ಸಣ್ಣದು, ಗಾಬರಿ ಮಾತ್ರ ದೊಡ್ಡದು. ಲೋಕದಾದ್ಯಂತ ಮಾತ್ರೆಗಳು ಕಸದ ಬುಟ್ಟಿಗೆ ಬಿದ್ದವು.

ಗಾಬರಿ ತಣಿದ ಮೇಲೆ ಗಮನಕ್ಕೆ ಬಂದುದು, ಆ ಮಹಿಳೆಯರ ಸರಾಸರಿ ವಯಸ್ಸು 63 ಎಂಬ ಸಂಗತಿ. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದ ಧಮನಿಯ ಗೋಡೆಯಲ್ಲಿ ಕೊಬ್ಬಿನ ಗಂಟುಗಳು ಕಟ್ಟಿಕೊಂಡಿರುತ್ತವೆ, ಗ್ರಾಹಕಗಳು ಕುಗ್ಗಿರುತ್ತವೆ. ನುಂಗಿದ ಎಸ್ಟ್ರೋಜೆನ್ ಯಕೃತ್ತನ್ನು ಹಾದುಹೋಗುವಾಗ ರಕ್ತ ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಹೆಚ್ಚಿಸುವುದರಿಂದ, ಅಂತಹ ಗಂಟು ಒಡೆದಲ್ಲಿ ಹೆಪ್ಪು ಬೇಗನೆ ಕಟ್ಟುತ್ತದೆ. 2016ರಲ್ಲಿ ಪ್ರಕಟವಾದ ‘ಎಲೈಟ್’ ಪ್ರಯೋಗವು 643 ಮಹಿಳೆಯರನ್ನು ಎರಡು ಗುಂಪಾಗಿ ನೋಡಿತು: ಮುಟ್ಟು ನಿಂತು ಆರು ವರ್ಷದೊಳಗಿನವರಲ್ಲಿ ಹಾರ್ಮೋನು ಪಡೆದವರ ಕತ್ತಿನ ಧಮನಿಯ ಗೋಡೆ, ಪಡೆಯದವರದಕ್ಕಿಂತ ನಿಧಾನವಾಗಿ ದಪ್ಪವಾಯಿತು, ಹತ್ತು ವರ್ಷ ದಾಟಿದವರಲ್ಲಿ ಯಾವ ವ್ಯತ್ಯಾಸವೂ ತೋರಲಿಲ್ಲ. ಹೃದಯದ ಧಮನಿಗಳ ಸ್ಕ್ಯಾನಿನಲ್ಲಾದರೋ ಎರಡು ಗುಂಪಿನಲ್ಲಿಯೂ ಭೇದವಿರಲಿಲ್ಲ. ಆದಕಾರಣ ಹೃದಯವನ್ನು ಕಾಯುವುದಕ್ಕೆಂದೇ ಈ ಔಷಧವನ್ನು ಇಂದಿಗೂ ಕೊಡುವುದಿಲ್ಲ.

ಪಾಶ್ಚಾತ್ಯ ಲೆಕ್ಕವನ್ನು ನಮ್ಮ ಬೆಂಗಳೂರು ಗ್ರಾಮಾಂತರಕ್ಕೆ ತಂದಿಟ್ಟು ನೋಡಿದಾಗ ಪ್ರಶ್ನೆಯ ಮುಖವೇ ಬೇರೆಯಾಗುತ್ತದೆ. ಪಶ್ಚಿಮ ದೇಶಗಳಲ್ಲಿ ಸುಮಾರು 51ಕ್ಕೆ ನಿಲ್ಲುವ ಮುಟ್ಟು ಭಾರತದಲ್ಲಿ 46–47ಕ್ಕೇ ನಿಲ್ಲುತ್ತದೆ. ಅದಕ್ಕೂ ಮೊದಲೇ, ಅಧಿಕ ರಕ್ತಸ್ರಾವಕ್ಕೋ ಗಡ್ಡೆಗೋ ಹೆದರಿ, ಮೂವತ್ತರ ಹರೆಯದಲ್ಲಿಯೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಅದರೊಂದಿಗೆ ಅಂಡಾಶಯಗಳೂ ಹೋದವೆಂದರೆ, ಪ್ರಕೃತಿ ವರ್ಷಗಟ್ಟಲೆ ಮಾಡುವ ಕೆಲಸವನ್ನು ಕತ್ತರಿ ಒಂದೇ ದಿನದಲ್ಲಿ ಮುಗಿಸಿದಂತಾಗಿ, ಹೃದ್ರೋಗದ ಸಂಭವವು ನಿಶ್ಚಿತವಾಗಿ ಏರುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮುಂದೆ ಕುತ್ತಿಗೆಯೆಲ್ಲ ಬೆವೆತು ಸೆರಗಿನಿಂದ ಗಾಳಿ ಹಾಕಿಕೊಳ್ಳುವ ನಲವತ್ತರ ಹೆಂಗಸು, ಅದು ಶೆಡ್ಡಿನ ಕಾವೆಂದೇ ತಿಳಿಯುತ್ತಾಳೆ. ಬೆನ್ನು ಹಿಡಿದು ಏದುಸಿರು ಬಂದರೆ ‘ಗ್ಯಾಸಿರಬೇಕು’ ಎಂದು ಸೋಡಾ ಕುಡಿಯುತ್ತಾಳೆ. (ಈ ಸೋಡಾ ಎಷ್ಟು ಇಸಿಜಿಗಳನ್ನು ತಡಮಾಡಿದೆಯೋ!) ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ರಾಜ್ಯದಲ್ಲಿರುವಾಗ, ಆ ತಡಕ್ಕೆ ಸಮಾಧಾನವಿಲ್ಲ.

ಇಂತಹ ಅಕಾಲ ಮುಟ್ಟುನಿಲುಗಡೆಯಲ್ಲಿ, ಸ್ತನ ಕ್ಯಾನ್ಸರು, ರಕ್ತನಾಳದಲ್ಲಿ ಹೆಪ್ಪು ಮೊದಲಾದ ಬಾಧಕಗಳಿಲ್ಲದಿದ್ದರೆ, ಸಹಜ ವಯಸ್ಸು ಬರುವ ತನಕ ಹಾರ್ಮೋನು ಕೊಡುವುದು ಸರಿಯೆಂದು ತಜ್ಞರು ಒಪ್ಪುತ್ತಾರೆ. ಅದು ಕಾಲ ಮೀರಿ ಕೊಡುವುದಲ್ಲ, ಕಾಲಕ್ಕೆ ಮೊದಲು ಕಿತ್ತುಕೊಂಡುದನ್ನು ತುಂಬಿಕೊಡುವುದು. ಗರ್ಭಕೋಶವಿಲ್ಲದವಳಿಗೆ ಸಾಮಾನ್ಯವಾಗಿ ಪ್ರೊಜೆಸ್ಟಿನ್ನಿನ ಅಗತ್ಯವಿಲ್ಲ. ಚರ್ಮಕ್ಕೆ ಹಚ್ಚುವ ಜೆಲ್ಲಾದರೆ ಯಕೃತ್ತಿನ ಹಾದಿಯೂ ತಪ್ಪುತ್ತದೆ. ಆದರೆ ವೈದ್ಯನು ಇದನ್ನೆಲ್ಲ ನಿರ್ಣಯಿಸುವ ಮೊದಲು, ಅಂಡಾಶಯಗಳನ್ನು ಉಳಿಸಿದ್ದಾರೆಯೆ, ತೆಗೆದಿದ್ದಾರೆಯೆ ಎಂಬುದು ಗೊತ್ತಾಗಬೇಕು. ‘ಎಲ್ಲಾ ತೆಗೆದರು’ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಲಾರದ ಹೆಂಗಸರೇ ಬಹಳ. ಅದನ್ನು ಬರೆದಿರುವುದು ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ. ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಅದನ್ನು ಇಟ್ಟುಕೊಂಡವಳಿಗೆ ಚಿಕಿತ್ಸೆಯ ಅರ್ಧ ದಾರಿ ಸವೆದಂತೆ.